ಗೋಡೆಗೆ ಮುಖ ಮಾಡಿದ ಎತ್ತುಗಳು

ಮಾರ್ಚ್ ಬಂದರೂ ಎಲ್ಕ್ ಗ್ರೋವ್ ವಿಲೇಜ್‌ನ ಪಾರ್ಕಿಂಗ್ ಅಂಚಿನ ಹಿಮದ ಗುಡ್ಡೆ ಕರಗಿಲ್ಲ; ಕರ್ರಗೆ ಕೂತಿದೆ. ಬೆಳಕು ಹರಿಯುವ ಮೊದಲೇ ನೀಲಮ್ಮ ವರ್ಕ್‌ಶಾಪಿನಲ್ಲಿ ಹಿತ್ತಾಳೆ ತಂತಿ ಬಗ್ಗಿಸುತ್ತಿದ್ದಾರೆ. ಮ್ಯೂಸಿಯಂಗಳಲ್ಲಿ ಹಳೆಯ ನಾಣ್ಯಗಳನ್ನು ಹಲಗೆಗೆ ನಿಲ್ಲಿಸುವ ಕೊಕ್ಕೆಗಳು ಇವರ ಕೈಕೆಲಸ. ಕೊಕ್ಕೆ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಂತೆ. ಹಾಗಾಗಿ ನೀಲಮ್ಮ ಎಂಬೊಬ್ಬರು ಇದ್ದಾರೆಂಬುದೇ ನೋಡಬಂದವರಿಗೆ ತಿಳಿಯುವುದಿಲ್ಲ.

ಇವತ್ತು ಮೇಜಿನ ಮೇಲಿರುವುದು ರೋಮನ್ನರ ಕಾಲದ ತಾಮ್ರದ ಹಣ. ರೋಮಿನಲ್ಲಲ್ಲ, ರೋಮ್ ಗೆದ್ದ ದೂರದ ಊರುಗಳಲ್ಲಿ ಟಂಕಿಸಿದ್ದು. ಒಂದು ಬದಿಗೆ ಚಕ್ರವರ್ತಿಯ ತಲೆ. ಇನ್ನೊಂದಕ್ಕೆ ಆಯಾ ಊರಿನ ದೇವರು, ಹೊಳೆ, ಗುಡಿ. ಊರು ತನ್ನ ಬಗ್ಗೆ ಹೇಳಿಕೊಂಡದ್ದೆಲ್ಲ ಆ ಎರಡನೆಯ ಬದಿಯಲ್ಲೇ. ಆದರೆ ಡೆಟ್ರಾಯಿಟ್ ಕಡೆಯ ಮ್ಯೂಸಿಯಂನ ಆದೇಶ ಹೀಗಿದೆ: ಎಲ್ಲದರಲ್ಲೂ ತಲೆ ಮುಂದೆ, ಊರು ಗೋಡೆಗೆ.

ನೀಲಮ್ಮನ ಸಿಟ್ಟು ನೆತ್ತಿಗೇರಿದ್ದು ಪಿಸಿದ್ಯದ ಅಂತಿಯೋಕ್ಯದ ನಾಣ್ಯ ಕೈಗೆ ಬಂದಾಗ. ಈಗಿನ ಟರ್ಕಿಯಲ್ಲಿದ್ದ ಆ ಊರಲ್ಲಿ ರೋಮ್ ತನ್ನ ನಿವೃತ್ತ ಸೈನಿಕರನ್ನು ನೆಲೆಗೊಳಿಸಿತ್ತು. ನಾಣ್ಯದ ಹಿಂಬದಿಯಲ್ಲಿ ಡುಬ್ಬದ ಜೋಡೆತ್ತು ಹೂಡಿ ಒಬ್ಬ ಹೊಸ ಊರಿನ ಎಲ್ಲೆ ಉಳುತ್ತಿದ್ದಾನೆ; ಹಿಂದೆ ದಂಡಿನ ಎರಡು ಧ್ವಜಕಂಬ.

"ನೇಗಿಲ ಹಿಂದ ದಂಡಿನ ನಿಶಾನಿ ಯಾಕ್ ಬೇಕು? ತನ್ನದಾ ಹೊಲ ಆಗಿದ್ರ ಬೇಕಿರಲಿಲ್ಲ. ಮೊದಲಿದ್ದವರನ್ನ ಎಬ್ಬಿಸ್ಯಾರ!" ನೀಲಮ್ಮ ತಮ್ಮಷ್ಟಕ್ಕೇ ಗೊಣಗುತ್ತಾರೆ.

ಎಬ್ಬಿಸಿಕೊಳ್ಳುವುದು ಏನೆಂದು ಇವರಿಗೆ ಗೊತ್ತು. ಹಳೇ ಬಾಗಲಕೋಟೆಯ ಇವರ ಓಣಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಹೊಸ ಊರಿನಲ್ಲಿ ಸಿಕ್ಕಿದ್ದು ಸೆಕ್ಟರ್ ನಂಬರ್. ಪಾತ್ರೆ ಬೆಸೆಯುತ್ತಿದ್ದ ಅಪ್ಪನ ಮಗ್ಗುಲಲ್ಲಿ ಕೂತು ಹಿತ್ತಾಳೆಯ ಹದ ಕಲಿತದ್ದು ಆ ಮುಳುಗಿದ ಓಣಿಯಲ್ಲೇ.

ವರ್ಕ್‌ಶಾಪಿನ ಮಾಲೀಕ, ಮೈಸೂರಿನ ವಿಜಯ್ ಕುಮಾರ್, ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಆಂಟಿ, ಎತ್ತಿನ ಬದಿ ಮುಂದೆ ಇಡೋಣ್ವಾ ಅಂತ ಮ್ಯೂಸಿಯಂ ಕ್ಯುರೇಟರ್‌ಗೆ ಈಮೇಲ್ ಮಾಡಿದ್ದೆ. ಜನ ಮುಖ ನೋಡೋಕೆ ಬರ್ತಾರೆ, ಎತ್ತು ನೋಡೋಕಲ್ಲ ಅಂದ್ರು. ಇವತ್ತೇ ಟ್ರಕ್ ಬರತ್ತೆ, ಬಿಟ್ಬಿಡಿ."

"ಸಾಲಾಗಿ ಬರೇ ದೊರೆಗಳ ಮಾರಿ! ಇಲೆಕ್ಷನ್ ಬ್ಯಾನರ್ ಏನಪಾ ಇದು? ಹಿಂದೊಂದು ಕನ್ನಡಿ ಆದ್ರೂ ಇಡಸು, ಎತ್ತು ಕಾಣಲಿ."

"ಬಜೆಟ್ ಇಲ್ವಂತೆ, ಆಂಟಿ."

ದಾನಿಗಳ ಹೆಸರನ್ನು ಗಾಜಿನ ಮೇಲೆ ಆಳೆತ್ತರ ಕೆತ್ತಿಸಲು ಬಜೆಟ್ ಇದೆ. ಒಂದು ಊರು ತನ್ನ ಕಥೆ ಹೇಳಲು ಅಂಗೈಯಗಲ ಕನ್ನಡಿಗಿಲ್ಲ.

ನೀಲಮ್ಮ ಇಕ್ಕಳ ಎತ್ತಿಕೊಳ್ಳುತ್ತಾರೆ. ನಾಣ್ಯದ ಬೆನ್ನಿಗೆ ಆಸರೆಯಾಗಿ ಹಿತ್ತಾಳೆಯ ಅಡ್ಡಪಟ್ಟಿ ಕೊಡುವುದು ಇಲ್ಲಿನ ವಾಡಿಕೆ. ಇದೊಂದಕ್ಕೆ ಪಟ್ಟಿ ಕಿತ್ತು, ಅಂಚನ್ನಷ್ಟೇ ಹಿಡಿಯುವ ಸಣ್ಣ ಕೊಕ್ಕೆಗಳನ್ನು ಬಗ್ಗಿಸುತ್ತಾರೆ. ಎರಡು ಪಟ್ಟು ಕೆಲಸ, ಯಾರೂ ಕೇಳಿದ್ದಲ್ಲ.

ಟ್ರಕ್ ಬರುತ್ತದೆ. ಎತ್ತುಗಳು ಗೋಡೆಗೆ ಮುಖ ಮಾಡಿಯೇ ಹೊರಡುತ್ತವೆ.

"ಆ ಎತ್ತಿನ ಊರಿನ ಋಣ ತೀರಲಿಲ್ಲ ಬಿಡಪಾ," ಎನ್ನುತ್ತ ನೀಲಮ್ಮ ಕೈ ಒರೆಸಿಕೊಳ್ಳುತ್ತಾರೆ. "ಆದ್ರ ಎಂದಾರ ಯಾರಾರ ತಿರುವಿ ನೋಡಿದ್ರ, ಎತ್ತಿನ ಮ್ಯಾಲ ನನ್ನ ಪಟ್ಟಿ ಅಡ್ಡ ಇರಂಗಿಲ್ಲ."