ಜೋಡು ತಪ್ಪಿದ ಚಪ್ಪಲಿ

ಸವದತ್ತಿಯ ತ್ರ್ಯಂಬಕ ಮಾಸ್ತರರ ಒಂದು ಚಪ್ಪಲಿ ಕರಿದು, ಇನ್ನೊಂದು ಕೆಂಪು. ಅದನ್ನು ನೋಡಿ ಇಡೀ ಸಾಲಿ ನಗುತ್ತಿತ್ತು. ಎದುರು ಮನೆಯ ಹುಡುಗಿ ನಾನು, ಕಾರಣ ಗೊತ್ತಿದ್ದೂ ನಕ್ಕವಳು. ಅದಕ್ಕೆ ಇವತ್ತಿಗೂ ನಾಚಿಕೆ ನನಗೆ.

೧೯೯೧ರಲ್ಲಿ ಅವರ ತಮ್ಮ ಸಂಜೀವಕಾಕಾ ಎರಡನೇ ಸಲ ಬಿ.ಎ. ನಪಾಸಾದ. ಊಟಕ್ಕೆ ಕುಳಿತವನಿಗೆ ಮಾಸ್ತರರು, “ಕೂಳಿಗೆ ದಂಡ, ಭೂಮಿಗೆ ಭಾರ” ಎಂದುಬಿಟ್ಟರು. ಅವನು ತುತ್ತು ಕೆಳಗಿಟ್ಟು ಎದ್ದ. ಸಿಟ್ಟಿನಲ್ಲಿ ಒಂದು ತನ್ನದು, ಒಂದು ಅಣ್ಣನದು ಮೆಟ್ಟಿಕೊಂಡು ಹೋದವನು ರಾಮದುರ್ಗದಲ್ಲಿ ಸೈಕಲ್ ಅಂಗಡಿ ಇಟ್ಟ, ತಿರುಗಿ ಬರಲಿಲ್ಲ. ಉಳಿದೆರಡನ್ನು ಮಾಸ್ತರರು ಅಟ್ಟೆ ಬದಲಿಸಿ ಬದಲಿಸಿ ಮೆಟ್ಟಿದರು. ಹೊಸವು ತರಲು ಹೆಂಡತಿ ಹೇಳಿದರೆ, “ಅವ ಬಂದ ಮ್ಯಾಲ ಜೋಡು ಕೂಡ್ತಾವ” ಎನ್ನುತ್ತಿದ್ದರು.

ಇತಿಹಾಸದ ಪಾಠದಲ್ಲಿ ಹಿಟ್ಟೈಟರು ಬಂದರೆ ಮಾಸ್ತರರು ಪುಸ್ತಕ ಮುಚ್ಚಿ ಕಥೆ ಹೇಳುತ್ತಿದ್ದರು. ಎಲ್ಲಿಂದಲೋ ಬಂದು ಈಗಿನ ಟರ್ಕಿಯಲ್ಲಿ ನೆಲೆನಿಂತ ಜನ. ಅಲ್ಲಿ ಮೊದಲಿದ್ದವರ ದೇವರನ್ನೂ ತಮ್ಮವೇ ಎಂದುಕೊಂಡದ್ದರಿಂದ ಅವರಿಗೆ ಸಾವಿರ ದೇವರಾದವು. ಆ ದೇವರುಗಳಲ್ಲಿ ಬೆಳೆ ಕಾಯುವ ತೆಲಿಪಿನು ಎಂಬವನು ಒಂದು ದಿನ ಸಿಟ್ಟಾಗಿ, ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ ಮೆಟ್ಟಿಕೊಂಡು ಹೊರಟೇಹೋದ. ಕಿಟಕಿಗೆ ಮಂಜು ಕವಿಯಿತು. ಒಲೆಯ ಕಟ್ಟಿಗೆ ಉರಿಯದಾಯಿತು. ಆಕಳು ಕರುವನ್ನು ಒಲ್ಲೆನೆಂದಿತು. ಹದ್ದು ಹುಡುಕಿ ಸೋತಿತು. ಕೊನೆಗೆ ದೇವರುಗಳ ಅವ್ವ ಒಂದು ಜೇನುಹುಳವನ್ನು ಕಳಿಸಿದಳು. ಮಾಸ್ತರರ ಕಥೆಯಲ್ಲಿ ಮಂಜು ಕವಿದಾಗ ನವಿಲುತೀರ್ಥದ ಅಣೆಕಟ್ಟಿನ ನೀರಿನ ಮೇಲಿನ ಮಂಜು ನಮ್ಮ ಸಾಲಿಗೂ ಬಂದಂತೆ ಅನಿಸುತ್ತಿತ್ತು.

೧೯೯೮ರ ದಸರೆಯ ಮುಂಜಾನೆ ಅವರು ಮನೆಯ ಕಟ್ಟೆಯ ಮೇಲೆ ನನಗೆ ಇದನ್ನೇ ಹೇಳುತ್ತಿದ್ದರು. ಹಾಲಿನ ಬೀರವ್ವ ಚರಿಗಿ ಹಿಡಿದೇ ಕೇಳುತ್ತ ನಿಂತಳು.

“ಹುಳ ಹೋಗಿ ಏನ್ ಮಾಡ್ತೈತ್ರಿ?”

“ಕಡೀತದ. ಮೊದಲು ಸಿಟ್ಟು ಹೆಚ್ಚಾಗ್ತದ. ಆಮ್ಯಾಲ ಪೂಜಾ ಮಾಡಿ ಇಳಸ್ತಾರ. ಮನಿಗೆ ಬರ್ತಾನ.”

“ನಿಮ್ಮ ತಮ್ಮನ ಕಡೆ ಯಾರನ್ನ ಕಳಿಸಿದ್ರಿ?”

“ವಕೀಲರನ್ನ ಕಳಿಸಿದೆ, ಸೋದರಮಾವನ್ನ ಕಳಿಸಿದೆ. ಜಗ್ಗಲಿಲ್ಲ.”

“ಆ ದೇವರಿಗೆ ಹುಡುಕಾಕ ಹುಳ ಬೇಕಾತು. ನಿಮಗ ರಾಮದುರ್ಗದ ಬಸ್ಸ ಐತಲ್ಲರಿ! ಬೈದವರು ನೀವು, ನೀವೇ ಹೋಗ್ರಿ.”

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅಂತಾರಲ್ಲ, ಹಾಗಾಗಿತ್ತು ನಮ್ಮ ಮಾಸ್ತರರದು. ಎದ್ದು ಬಸ್ ನಿಲ್ದಾಣದ ಕಡೆ ನಡೆದರು.

ಮುಂದಿನದನ್ನು ಸಂಜೀವಕಾಕಾನೇ ನನಗೆ ಹೇಳಿದ. ಚಿಕ್ಕವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು ನಮ್ಮ ರೂಢಿ. ಅಂದು ಅಂಗಡಿಯ ಬಾಗಿಲಲ್ಲಿ ಅಣ್ಣನೇ ಬಾಡಿದ ಬನ್ನಿಯೆಲೆ ಮುಂದೆ ಚಾಚಿದರು. “ತಪ್ಪಾತು, ಸಂಜು. ಊಟ ಅರ್ಧಕ್ಕ ಬಿಟ್ಟು ಬಂದಿ. ಮನಿಗೆ ನಡಿ.”

ಸಂಜೀವಕಾಕಾ ಕಾಲು ಮುಟ್ಟಲು ಬಗ್ಗಿದ. ಅಣ್ಣನ ಬಲಗಾಲಿನಲ್ಲಿ ತನ್ನದೇ ಕೆಂಪು ಚಪ್ಪಲಿ.

“ನಾ ಅಣ್ಣನ ಚಪ್ಪಲಿ ಮೊದಲನೇ ವಾರನ ಹೊಳಿಗೆ ಒಗದಿದ್ದೆ” ಎಂದು ಹೇಳುವಾಗ ಅವನು ಈಗಲೂ ಅಳುತ್ತಾನೆ.