ಅವಳ ಹೆಜ್ಜೆಯಳತೆಯ ಕಲ್ಲುಗಳು

ಬೀದಿಗೆಲ್ಲ ಅವನು 'ಕ್ಯೂರಿಂಗ್ ಮೇಸ್ತ್ರಿ'. ಹೊಸ ಗೋಡೆಗೆ ನೀರು ಹಾಕುವುದು ಒಂದು ಹೊತ್ತು ತಪ್ಪಿದರೂ ಸಾಕು, ಮನೆ ಮಾಲೀಕನೆಂದೂ ನೋಡದೆ ಜಾಡಿಸಿಬಿಡುವ ಆಸಾಮಿ. ಅವನು ಕಟ್ಟಿದ್ದು ಬಿರುಕು ಬಿಟ್ಟದ್ದನ್ನು ಕಂಡವರಿಲ್ಲ. ಆ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತೆನ್ನಿ.

ಕಾಯಿಲೆ ಕೈಮೀರಿದೆಯೆಂದು ಆಸ್ಪತ್ರೆಯವರು ಹೆಂಡತಿಯನ್ನು ಮನೆಗೆ ಕಳಿಸಿದರು. ಅವಳು ಕೇಳಿದ್ದು ಒಂದೇ: ಹಿತ್ತಲ ಕೊನೆಯಲ್ಲಿ ತಾನೇ ನೆಟ್ಟ ಗುಲಾಬಿ ಗಿಡದ ತನಕ ಒಮ್ಮೆ ನಡೆಯಬೇಕು. ಹಿತ್ತಲೋ ಬರೀ ಕೆಸರು. ಬಾಗಿಲು ದಾಟುತ್ತಲೇ ಜಾರಿ ಬಿದ್ದಳು.

"ಎತ್ಕೊಂಡು ಹೋಗ್ತೀನಿ ಬಾರೆ," ಎಂದ.

"ನಾನೇನು ಸಿಮೆಂಟ್ ಮೂಟೆನಾ? ನನ್ನ ಕಾಲಲ್ಲೇ ಹೋಗ್ಬೇಕು ರೀ."

ಸರಿ, ಕಲ್ಲು ಹಾಕಿಕೊಡುತ್ತೇನೆಂದು ಹೊರಟ. ಅವಳನ್ನು ನಡುಮನೆಯಲ್ಲಿ ನಡೆಸಿ, ಹೆಜ್ಜೆ ಹೆಜ್ಜೆಗೂ ಸೀಮೆಸುಣ್ಣದ ಗೆರೆ ಎಳೆದುಕೊಂಡ. ಹಳೆಯ ಬಾಣಲೆಗಳಿಗೆ ಎಣ್ಣೆ ಸವರಿ, ಜಲ್ಲಿ, ಮರಳು, ಸಿಮೆಂಟು ಹದವಾಗಿ ಕಲಸಿ ಸುರಿದ. ನಡುವೆ ತಂತಿ ಜಾಲರಿ ಇಟ್ಟ. ಕಾಲು ಜಾರದಿರಲೆಂದು ಮೇಲ್ಮೈಯನ್ನು ಪೊರಕೆಯಿಂದ ಗೀರಿ ಒರಟು ಮಾಡಿದ. ಅಚ್ಚಿನಿಂದ ಬಿಡುವಷ್ಟು ಗಟ್ಟಿಯಾದ ಮೇಲೆ ಬಿಡಿಸಿ, ಮರಳು ಹಾಸಿ, ಅವಳ ಹೆಜ್ಜೆಯಳತೆಗೆ ಸರಿಯಾಗಿ ಕೂರಿಸಿದ. ಮೇಲೆ ಒದ್ದೆ ಗೋಣಿಚೀಲ ಹೊದಿಸಿದ.

ಮರುದಿನ ಬೆಳಿಗ್ಗೆ ಅವಳೇ ಎದ್ದು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು.

"ಇವತ್ತು ಕಾಲಲ್ಲಿ ಕಸುವಿದೆ ರೀ. ಹೋಗೋಣ್ವಾ?"

"ಇನ್ನೂ ಹಸಿ ಕಣೆ. ಚೆನ್ನಾಗಿ ನೀರು ಕುಡೀಲಿ. ಈಗ ತುಳಿದ್ರೆ ಒಳಗೇ ಬಿರುಕು ಬಿಡುತ್ತೆ."

"ನನ್ನ ತೂಕಕ್ಕಾ? ಗುಬ್ಬಿ ಕೂತ ಹಾಗಾಗುತ್ತೆ ಅಷ್ಟೇ."

"ಇನ್ನೊಂದು ವಾರ ತಡ್ಕೋ. ನೂರು ವರ್ಷ ಬಾಳಿಕೆ ಬರೋ ಕಲ್ಲು ಅದು."

"ಹೆಂಡತಿಗಿಂತ ಸಿಮೆಂಟೇ ಹೆಚ್ಚಾಯ್ತು ನಿಮಗೆ," ಎಂದು ನಕ್ಕು ಹೊಸ್ತಿಲ ಮೇಲೆ ಕೂತಳು. ಅವನು ಚೀಲಗಳಿಗೆ ನೀರು ಚಿಮುಕಿಸುವುದನ್ನು ಬಹಳ ಹೊತ್ತು ನೋಡುತ್ತಿದ್ದಳು.

ಆ ಕಸುವು ಮತ್ತೆ ಬರಲಿಲ್ಲ. ಮಾರನೆಯ ದಿನ ಮಂಚ ಹಿಡಿದವಳು ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

ಮಾತಾಡಿಸಲು ಬಂದ ನೆಂಟರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಚೀಲ ಸರಿಸಿ ಕಲ್ಲು ತುಳಿದು ಓಡಾಡಿದರು. ಮೈ ಭಾರದ ಷಡ್ಡಕನಂತೂ ಒಂದರ ಮೇಲೆ ನಿಂತು, "ಮೇಸ್ತ್ರಿ ಕೆಲಸ ಅಂದ್ರೆ ಇದಪ್ಪಾ, ಅಲ್ಲಾಡಲ್ಲ," ಎಂದ. ಮೇಸ್ತ್ರಿಗೆ ಆ ಮನುಷ್ಯನ ಕತ್ತಿನ ಪಟ್ಟಿ ಹಿಡಿದು ಆಚೆ ನೂಕುವಷ್ಟು ಸಿಟ್ಟು ಬಂತು. ತಡೆದುಕೊಂಡು ಒಳಗೆ ಹೋದ.

ಎಲ್ಲರೂ ಹೊರಟ ಮೇಲೆ, ಅಮ್ಮನ ಆರೈಕೆಗೆಂದು ಬಂದು ಉಳಿದಿದ್ದ ಮಗಳು ಅವನ ಪಕ್ಕ ಕೂತಳು. ಅವನ ಕಣ್ಣು ಕಲ್ಲುಗಳ ಮೇಲೇ ಇರುವುದು ಅವಳಿಗೆ ಗೊತ್ತಾಯಿತು.

"ನೀನು ಬೇಡ ಅಂದಿದ್ದು ಸರಿನೇ ಅಪ್ಪ. ಅವತ್ತು ಅಮ್ಮ ಕಾಲಿಟ್ಟಿದ್ರೆ ಒಡೆದುಹೋಗ್ತಿತ್ತು."

"ಒಡೆದಿದ್ರೆ ಇನ್ನೊಂದು ಮಾಡ್ತಿದ್ದೆ ಕಣಮ್ಮಾ," ಎಂದು ಅವನು ಬಿಕ್ಕಿ ಬಿಕ್ಕಿ ಅತ್ತ.