ಎಡಗಾಲಿನ ಪರೀಕ್ಷೆ

ಅವರ ಅಂಗೈ ಸದಾ ತಣ್ಣಗಿರುತ್ತಿತ್ತು. ಮೇ ತಿಂಗಳಲ್ಲಿ ಮುಂಬೈಯ ಭಾಂಡುಪ್‌ನ ಆ ತಗಡಿನ ಮಾಡಿನ ಕೆಳಗೆ ನಾವೆಲ್ಲ ಬೆವರಿನಲ್ಲಿ ತೊಯ್ದಿರುವಾಗಲೂ, ಬೆನ್ನ ಮೇಲೆ ಆ ಕೈ ಬಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಉಡುಪಿ ಕಡೆಯವರು. ಮಸಾಜ್ ಕಲಿಯಲು ಬಂದ ನಾವು ಆರು ಹೆಂಗಸರೂ ಅವರನ್ನು ಟೀಚರ್ ಎನ್ನುತ್ತಿದ್ದೆವು.

ಕಲಿಸುವ ರೀತಿಯೇ ವಿಚಿತ್ರ. ಕಿಟಕಿಗೆ ಪರದೆ, ಫ್ಯಾನ್ ಬಂದ್, ನಮ್ಮ ಕಣ್ಣಿಗೆ ಕಪ್ಪು ಬಟ್ಟೆ. ಮೇಜಿನ ಮೇಲೆ ಯಾರು ಮಲಗಿದ್ದಾರೆಂದು ಹೇಳುತ್ತಿರಲಿಲ್ಲ. ಎಣ್ಣೆ ಹಚ್ಚುವ ಮೊದಲು ಬರಿಗೈಯಲ್ಲಿ ತಡವಿ, ಸಿಕ್ಕಿದ್ದನ್ನು ಬಾಯಿಬಿಟ್ಟು ಹೇಳಬೇಕು: ಇಲ್ಲಿ ಗಂಟು, ಇಲ್ಲಿ ಬಿಸಿ, ಇಲ್ಲಿ ಬಾವು. "ಕಣ್ಣು ದಾಕ್ಷಿಣ್ಯ ಮಾಡ್ತದೆ ಮಾರಾಯ್ತಿ, ಕೈ ಮಾಡುದಿಲ್ಲ" ಎನ್ನುತ್ತಿದ್ದರು. "ಆದ್ರೆ ನಮ್ಮ ಮೈ ನಮ್ಮ ಕೈಗೇ ಸುಳ್ಳು ಹೇಳ್ತದೆ. ಅದನ್ನು ಬೇರೆಯವರ ಕೈಗೆ ಕೊಟ್ಟು ಕೇಳ್ಬೇಕು."

ಒಮ್ಮೆ ನನ್ನ ಪಕ್ಕದವಳ ಸೊಂಟದ ಮೇಲೆ ಕೈಯಿಟ್ಟವರೇ, "ಎದ್ದು ಮನೆಗೆ ಹೋಗು. ಇಲ್ಲಿ ಇಬ್ಬರು ಮಲಗಿದ್ದೀರಿ" ಎಂದರು. ಅವಳು ಬಸುರಿಯೆಂದು ಅವಳಿಗೇ ತಿಳಿದದ್ದು ಮುಂದಿನ ವಾರ! ವಿಜಯಪುರದ ನಮ್ಮವ್ವ ಇದ್ದಿದ್ದರೆ ನನಗೆ ದೃಷ್ಟಿ ತೆಗೆದು, ಆ ಕಡೆ ಹಾಯಬೇಡ ಎನ್ನುತ್ತಿದ್ದಳು.

ಆದರೆ ನನಗೆ ಸರ್ಟಿಫಿಕೇಟ್ ಬೇಕಿತ್ತು. ಪಾಸಾದರೆ ಗೋರೆಗಾಂವ್‌ನ ಹೋಟೆಲೊಂದರಲ್ಲಿ ಕೆಲಸ. ಇಲ್ಲದಿದ್ದರೆ ಕಾಂದಿವಲಿಯಲ್ಲಿ ಅಣ್ಣನ ಮನೆಯ ಹಂಗು.

ಕೊನೆಯ ಪರೀಕ್ಷೆಯ ದಿನ ಗೆಳತಿಯರು ಕಣ್ಣು ಕಟ್ಟಿ ಮೇಜಿನ ಬಳಿ ನಿಲ್ಲಿಸಿದರು. ಕೈಯಿಟ್ಟೆ. ಬೆನ್ನು, ತೋಳು, ಬಲಗಾಲು, ಎಲ್ಲ ಹೆಣದಷ್ಟು ತಣ್ಣಗೆ. ಅಯ್ಯೋ, ಇದು ಟೀಚರೇ! ಎಡ ಮೀನಖಂಡಕ್ಕೆ ಬಂದಾಗ ಕೈ ತಾನಾಗಿ ಹಿಂದೆ ಸರಿಯಿತು. ಅದೊಂದೇ ಕಡೆ ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿ, ಬಿಗಿದ ಬಾವು. ಇಂಥ ಕಾಲನ್ನು ತಿಕ್ಕಬಾರದು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ನೇರ ಡಾಕ್ಟರ ಬಳಿ ಕಳಿಸಬೇಕು ಎಂದು ಕಲಿಸಿದವರೇ ಅವರು. ಆದರೆ ಕಲಿಸಿದವರ ಮೈಯಲ್ಲೇ ಐಬು ಎತ್ತಿ ಆಡುವುದೇ?

"ಎಲ್ಲಾ ಛಲೋ ಅದ ರೀ" ಎಂದೆ.

ಮೇಜಿನ ಮೇಲಿಂದ ಟೀಚರ್ ಧ್ವನಿ ಬಂತು. "ಎಡಗಾಲು?"

"ಅದೂ ಛಲೋ ಅದ ರೀ."

"ಖಂಡಿತಾ?"

"ಖಂಡಿತ ರೀ."

"ಆಯ್ತು. ಪಾಸ್."

ಅದಾದ ಐದನೆಯ ದಿನ ಬೆಳಗ್ಗೆ ಟೀಚರ್ ಚಹಾ ಸೋಸುತ್ತ ನಿಂತಲ್ಲೇ ಕುಸಿದು ತೀರಿಕೊಂಡರು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಏರಿತ್ತಂತೆ. ಕೊನೆಯ ಸ್ನಾನಕ್ಕೆ ಮುಂಚೆ ಮೈಗೆ ಎಣ್ಣೆ ಹಚ್ಚಲು ಅವರ ಮಗಳು ನನ್ನನ್ನೇ ಕರೆದಳು. ಅಭ್ಯಾಸಬಲ, ಕೈಯಿಡುವಾಗ ಕಣ್ಣು ಮುಚ್ಚಿಕೊಂಡೆ.

"ಎಡಗಾಲು?"

ಅದೇ ಧ್ವನಿ. ಕಣ್ಣು ತೆರೆದರೆ ಕೇಳುತ್ತಿದ್ದವಳು ಮಗಳು.

"ಎಕ್ಸಾಮ್‌ನಲ್ಲಿ ನಿಮ್ಗೆ ಸಿಗ್ಲಿಲ್ವಾ?" ಎಂದಳು, ತಡವರಿಸುವ ಕನ್ನಡದಲ್ಲಿ. "ಮಮ್ಮಿ ಹೇಳಿದ್ಲು, ಆ ಹುಡುಗಿಗೆ ಸಿಕ್ಕಿದ್ರೆ ಡಾಕ್ಟರ್ ಹತ್ರ ಹೋಗ್ತೇನೆ, ಇಲ್ಲಾಂದ್ರೆ ನಂದು ಬರೀ ಭ್ರಮೆ ಅಂತ."

"ಸಿಕ್ಕಿತ್ತವ್ವಾ" ಎಂದೆ.

ಅವಳು ನನ್ನ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡಳು. ಉಳಿದ ಮೈಗೆ ತಾನೇ ಹಚ್ಚಿದಳು.

ಈಗ ಗೋರೆಗಾಂವ್‌ನಲ್ಲಿ ಬಂದವರ ಮೈಯಲ್ಲಿ ಏನೇ ಸಿಗಲಿ, ಮುಖಕ್ಕೆ ಹೇಳಿಬಿಡುತ್ತೇನೆ. ಕೆಲವರು ಮುನಿಸಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ. ಅವರೊಬ್ಬರಿಗೆ ಹೇಳಬೇಕಿದ್ದ ಮಾತನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ.